ಯಾರದೆಂಬ ಪ್ರಶ್ನೆ, ಹೇಗಿದೆಯೆಂಬ ಪ್ರಶ್ನೆ

ಗಡಿನಾಡಿನಲ್ಲಿ ಕನ್ನಡ ಪುಸ್ತಕವೊಂದು ಬಿಡುಗಡೆಯಾಗುವ ಸಭೆಗೆ ಹೋಗಿ ಬಂದವರಿಗೆಲ್ಲ ಅಲ್ಲಿಯ ಕಲಾಪದ ಕ್ರಮ ಬಾಯಿಪಾಠವಾಗಿರುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಬಣ್ಣದ ಕಾಗದ ಬಿಚ್ಚಿ ಪ್ರತಿಯನ್ನು ಎತ್ತಿ ತೋರಿಸುವುದು, ಆಮೇಲೆ ಕೃತಿ ಪರಿಚಯ. ಪರಿಚಯಿಸುವವರು ಎದ್ದು ನಿಂತು, ಮಲಯಾಳದ ಮಹಾಪ್ರವಾಹದ ನಡುವೆಯೂ ಕನ್ನಡದಲ್ಲಿ ಬರೆಯುವ ಧೈರ್ಯ ತೋರಿದ ಲೇಖಕರು ಅಭಿನಂದನಾರ್ಹರೆಂದು ಸಾರುತ್ತಾರೆ. ಲೇಖಕರ ಮನೆತನ, ಗುರುಗಳು, ಉದ್ಯೋಗ, ಸೌಜನ್ಯಗಳ ವರ್ಣನೆಯಾಗುತ್ತದೆ. ಸಮಯದ ಅಭಾವದಿಂದ ಕೃತಿಯ ಒಳಹೊಕ್ಕು ನೋಡಲು ಆಗಲಿಲ್ಲವೆಂಬ ವಿಷಾದದೊಂದಿಗೆ ಮಾತು ಮುಗಿಯುತ್ತದೆ. ಶಾಲು, ಹಾರ, ಅವಲಕ್ಕಿ, ಚಾ. ಮರುದಿನ ಪತ್ರಿಕೆಯಲ್ಲಿ ಚಿತ್ರ. ಪುಸ್ತಕವನ್ನು ಮೊದಲಿನಿಂದ ಕೊನೆಯ ವರೆಗೆ ಓದಿ, ಈ ಪದ್ಯ ಗೆದ್ದಿದೆ, ಈ ಪದ್ಯ ಸೋತಿದೆ, ಸೋತದ್ದು ಇಂಥ ಕಾರಣಕ್ಕೆ ಎಂದು ಹೇಳಿದವರು ಮಾತ್ರ ಆ ಸಭೆಯಲ್ಲಿ ಇರುವುದಿಲ್ಲ. ಇದ್ದರೂ ಅವರನ್ನು ವೇದಿಕೆಗೆ ಕರೆಯುವುದಿಲ್ಲ.

ಇದಕ್ಕೆ ಕಾರಣ ಬರಿಯ ಸೋಮಾರಿತನವಲ್ಲ. 1956ರ ನವೆಂಬರ್ 1ರಿಂದ ಈಚೆಗೆ ನಾವು ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತ ಬಂದ ಜನ: ಇದು ಯಾರದು? ಈ ಮಣ್ಣು ಯಾರದು, ಈ ಶಾಲೆ ಯಾರದು, ಬಸ್ಸಿನ ಬೋರ್ಡಿನ ಮೇಲಿರಬೇಕಾದ ಅಕ್ಷರ ಯಾರದು, ಕಚೇರಿಯ ಅರ್ಜಿ ಯಾವ ಭಾಷೆಯದು? ಕೇಳಲೇಬೇಕಾದ ಪ್ರಶ್ನೆಗಳು, ಮುಂದೆಯೂ ಕೇಳಬೇಕಾದವು. ಆದರೆ ಆ ಪ್ರಶ್ನೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ನಾವು ಸಾಹಿತ್ಯದ ಅಂಗಳಕ್ಕೂ ಕಾಲಿಟ್ಟೆವು. ಪುಸ್ತಕ ನಮ್ಮವರದೆಂದು ಗೊತ್ತಾದರೆ ಸಾಕು, ಅದು ಹೇಗಿದೆ ಎಂದು ಕೇಳುವುದು ಅಧಿಕಪ್ರಸಂಗವೆನಿಸಿಬಿಡುತ್ತದೆ. ವಿಮರ್ಶಕನ ಕೆಲಸ ಮೊದಲಾಗುವುದು ಆ ಎರಡನೆಯ ಪ್ರಶ್ನೆಯಿಂದ.

ನಮ್ಮ ಬೆನ್ನು ನಮಗೆ ಕಾಣದು. ಆದ್ದರಿಂದ ನಮ್ಮಂಥದೇ ಇನ್ನೊಂದು ಗಡಿಯತ್ತ ಮೊದಲು ನೋಡುವುದು ಲೇಸು. ತಮಿಳುನಾಡಿನ ನೀಲಗಿರಿ ಜಿಲ್ಲೆ ಅಂಥದೊಂದು ಸ್ಥಳ. ಗೂಡಲೂರಿನಲ್ಲಿ ನಿಂತರೆ ಒಂದು ದಾರಿ ಮುದುಮಲೆ, ಬಂಡೀಪುರದ ಕಾಡು ದಾಟಿ ಗುಂಡ್ಲುಪೇಟೆ, ಮೈಸೂರಿಗೆ ಹೋಗುತ್ತದೆ. ಇನ್ನೊಂದು ನಾಡುಕಾಣಿಯ ಮೂಲಕ ಕೇರಳಕ್ಕೆ ಇಳಿಯುತ್ತದೆ. ಮೂರನೆಯದು ಉದಕಮಂಡಲದ ಚಳಿಗೆ ಏರುತ್ತದೆ. 1877ರ ವರೆಗೆ ಗೂಡಲೂರಿನ ಸೀಮೆ ಮಲಬಾರ್ ಜಿಲ್ಲೆಗೆ ಸೇರಿ ವಯನಾಡಿನ ಆಗ್ನೇಯ ಭಾಗವೆನಿಸಿಕೊಂಡಿತ್ತು. ಕೆಳಗೆ ಮಸಿನಗುಡಿಯ ಪೇಟೆಯಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ವ್ಯವಹಾರಕ್ಕೆ ಒದಗುತ್ತವೆ. ಸುತ್ತಿನ ಕಾಡಿನ ಇರುಳರ, ಕುರುಂಬರ, ಕಾಟ್ಟುನಾಯಕರ ಮಾತುಗಳು ಬೇರೆ. ಮೇಲೆ ಬೆಟ್ಟದ ಹಟ್ಟಿಗಳಲ್ಲಿ ಬಡಗರು. ಬಡಗರೆಂದರೆ ಬಡಗು ದಿಕ್ಕಿನಿಂದ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂಬುದು ಅವರ ಹೆಸರೇ ಹೇಳುವ ಕತೆ. 2011ರ ಜನಗಣತಿ ಬಡಗ ಮಾತನಾಡುವ ಸುಮಾರು 1 ಲಕ್ಷ 33 ಸಾವಿರ ಜನರನ್ನು ಕನ್ನಡದ ತಲೆಬರಹದ ಅಡಿಯಲ್ಲಿ ಲೆಕ್ಕಕ್ಕೆ ಸೇರಿಸಿತು. ಬಡಗರಲ್ಲಿ ಅನೇಕರು ತಮ್ಮದು ಸ್ವತಂತ್ರ ಭಾಷೆ ಎನ್ನುತ್ತಾರೆ. ಕನ್ನಡಿಗರಾದ ನಮಗೆ ಆ ಮಾತನ್ನು ಕೇಳಿದೊಡನೆ ವಾದಕ್ಕಿಳಿಯುವ ಆತುರ. ತುಳುವನ್ನು ಯಾರಾದರೂ ಕನ್ನಡದ ಉಪಭಾಷೆ ಎಂದು ಕರೆದಾಗ ಮಂಜೇಶ್ವರ, ಕುಂಬಳೆಯ ಮನೆಗಳಲ್ಲಿ ಹುಬ್ಬು ಗಂಟಿಕ್ಕುವುದನ್ನು ಬಲ್ಲ ನಾವಾದರೂ ಈ ವಿಷಯದಲ್ಲಿ ಸ್ವಲ್ಪ ತಾಳ್ಮೆ ತೋರಬೇಕು.

ಬಡಗರಲ್ಲಿ ಸಾವಿನ ಸಂದರ್ಭಕ್ಕೆ ಸೇರಿದ ಒಂದು ದೊಡ್ಡ ಪಠನವಿದೆ. ಹಳೆಯ ವರದಿಗಳ ಪ್ರಕಾರ, ಶವಸಂಸ್ಕಾರದಲ್ಲಿ ಊರ ಹಿರಿಯನೊಬ್ಬ ನಿಂತು, ಸತ್ತವನು ಮತ್ತು ಅವನ ಹಿಂದಿನ ತಲೆಗಳು ಮಾಡಿದ್ದಿರಬಹುದಾದ ತಪ್ಪುಗಳನ್ನು ಸಾಲುಸಾಲಾಗಿ ಹೇಳುತ್ತಾನೆ. ಗಡಿಕಲ್ಲು ಸರಿಸಿದ್ದು, ಅಣ್ಣತಮ್ಮಂದಿರಲ್ಲಿ ಒಡಕು ತಂದದ್ದು, ಹಾವು ಹಲ್ಲಿಗಳನ್ನು ಕೊಂದದ್ದು, ನೆರೆಮನೆಯ ಎಮ್ಮೆ ಹೆಚ್ಚು ಹಾಲು ಕೊಟ್ಟಿತೆಂದು ಹೊಟ್ಟೆಯುರಿದುಕೊಂಡದ್ದು. ಪ್ರತಿಯೊಂದಕ್ಕೂ ನೆರೆದವರು ಪಾಪವೆಂದು ಒಕ್ಕೊರಲಿನಿಂದ ಒಪ್ಪುತ್ತಾರೆ. ಹಿಂದೆ ಆ ಪಾಪಗಳನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಕರುವನ್ನು ಬಿಟ್ಟುಬಿಡುವ ಪದ್ಧತಿಯಿತ್ತು. ನಮ್ಮ ಶ್ರದ್ಧಾಂಜಲಿ ಸಭೆಗಳಲ್ಲಿ ಸತ್ತವರೆಲ್ಲ ಅಜಾತಶತ್ರುಗಳು. ಅಲ್ಲಿ ಹೆಸರಿಟ್ಟು ಎಣಿಸದ ಹೊರತು ಬಿಡುಗಡೆಯಿಲ್ಲ. ಇದು ಹಾಗಿರಲಿ. ನಾವು ಇಲ್ಲಿ ಗಮನಿಸಬೇಕಾದದ್ದು ಈ ಒಂದೇ ಪಠನವನ್ನು ಎಷ್ಟು ಜನ ಎಷ್ಟು ಬಗೆಯಲ್ಲಿ ಓದಿದರೆಂಬುದು.

ಬಾಸೆಲ್ ಮಿಶನಿನ ಫ್ರೆಡ್ರಿಕ್ ಮೆಟ್ಸ್ ಹತ್ತೊಂಬತ್ತನೆಯ ಶತಮಾನದ ನಡುವೆ ದಶಕಗಳ ಕಾಲ ಆ ಬೆಟ್ಟಗಳಲ್ಲಿ ತಿರುಗಾಡಿದವರು. ಬೆಟ್ಟದ ಜನರ ಬಗ್ಗೆ ಅವರು ಬರೆದ ಪುಸ್ತಕದ ಎರಡನೆಯ ಮುದ್ರಣ 1864ರಲ್ಲಿ ಮಂಗಳೂರಿನಲ್ಲಿಯೇ ಆಯಿತು. ಪಾದ್ರಿಗಳಾದ ಅವರಿಗೆ ಆ ಪಠನದಲ್ಲಿ ಮುಖ್ಯವಾಗಿ ಕಂಡದ್ದು ಪಾಪ, ಪರಿಹಾರ, ಪರಲೋಕ. ಮದರಾಸಿನ ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳ ಸಂಗ್ರಹವನ್ನು ಹೊರತಂದು, ಕನ್ನಡಕ್ಕೊಂದು ಅಧ್ಯಾಯ ಕೊಟ್ಟು ಬಡಗರ ಹಾಡುಗಳಿಗೂ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟರು. ದಕ್ಷಿಣದವರ ನಿಜವಾದ ಹೃದಯ ಗ್ರಂಥಗಳಲ್ಲಿಲ್ಲ, ಹಾಡುಗಳಲ್ಲಿದೆ ಎಂಬುದು ಅವರ ಪಕ್ಷ. ಪಕ್ಷ ಒಳ್ಳೆಯದೇ; ಆದರೆ ಹಾಡುಗಳು ಇಂಗ್ಲಿಷ್ ಪದ್ಯದ ಕೋಟು ತೊಟ್ಟು ಬಂದವು. 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಅಕಾರಾದಿಯಾಗಿ ಜೋಡಿಸಿದ ಎಡ್ಗರ್ ಥರ್ಸ್ಟನ್‌ರಿಗೆ ಅದು ಆಚಾರಗಳ ದಾಖಲೆ. 1939ರಲ್ಲಿ ಎಂ. ಬಿ. ಎಮೆನೋ ಬಡಗ ಭಾಷೆಯ ಸ್ವರಗಳನ್ನು ಕುರಿತು ಬರೆದರು. ನಾಲಗೆಯನ್ನು ಹಿಂದಕ್ಕೆ ಮಡಚಿ ಉಚ್ಚರಿಸುವ ಆ ಸ್ವರಗಳು ಲೋಕದಲ್ಲಿ ಅಪರೂಪವಾದವು, ಭಾಷಾವಿಜ್ಞಾನಿಯ ಕಿವಿ ಅಲ್ಲಿಗೇ ಹೋಗುವುದು ಸಹಜ. ಪಾಲ್ ಹಾಕಿಂಗ್ಸ್ 1988ರ ಗ್ರಂಥದಲ್ಲಿ ಬಡಗರ ಗಾದೆ, ಪ್ರಾರ್ಥನೆ, ಶಕುನ, ಶಾಪಗಳನ್ನು ಒಟ್ಟುಗೂಡಿಸಿ ಸಮಾಜದ ನಡೆಯನ್ನು ಅದರಲ್ಲಿ ಹುಡುಕಿದರು.

ಇವರೆಲ್ಲರಿಗೂ ನಾವು ಋಣಿಗಳು. ಪಾಠವೇ ಕೈಗೆ ಸಿಗದಿದ್ದರೆ ವಿಮರ್ಶೆ ಎಲ್ಲಿಂದ ಬರಬೇಕು? ಈ ಮಾತಿಗೆ ನೀಲಗಿರಿಯೇ ಇನ್ನೊಂದು ಸಾಕ್ಷಿ ಕೊಡುತ್ತದೆ. ಉದಕಮಂಡಲದ ಸಮೀಪದ ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಕೊಟ್ಟ ಹಣದಿಂದಲೇ ಮೋಗ್ಲಿಂಗರು 1848ರಿಂದ ಮಂಗಳೂರಿನ ಕಲ್ಲಚ್ಚಿನಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದ್ದು. ಓಲೆಗರಿಯಲ್ಲಿ, ಮಠದ ಪೆಟ್ಟಿಗೆಯಲ್ಲಿ ಇದ್ದುದು ಹತ್ತು ಜನ ಕೂತು ಓದಿ ಒಪ್ಪುವ, ಒಪ್ಪದಿರುವ ವಸ್ತುವಾಯಿತು. ಆ ಬೆಟ್ಟಕ್ಕೂ ನಮ್ಮ ಕರಾವಳಿಗೂ ಇಂಥದೊಂದು ಕೊಡುಕೊಳೆ ಇತ್ತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಮಕ್ಕಳಿಗೆ ಹೇಳಿದರೆ ನಷ್ಟವೇನೂ ಆಗದು.

ಆದರೂ ಮೇಲಿನ ಐದು ಜನರ ಓದಿನಲ್ಲಿಯೂ ಒಂದು ಪ್ರಶ್ನೆಗೆ ಸಿಕ್ಕಬೇಕಾದ ಜಾಗ ಸಿಕ್ಕಿಲ್ಲ: ಆ ಪಠನವನ್ನು ಯಾವ ಹಿರಿಯ ಚೆನ್ನಾಗಿ ಹೇಳುತ್ತಿದ್ದ? ಚೆನ್ನಾಗಿ ಎಂದರೆ ಹೇಗೆ? ಎಲ್ಲಿ ನಿಲ್ಲಿಸಬೇಕು, ಯಾವ ತಪ್ಪನ್ನು ಯಾವುದರ ಬೆನ್ನಿಗೆ ಹೇಳಿದರೆ ನೆರೆದವರ ಗಂಟಲು ಕಟ್ಟುತ್ತದೆ, ಯಾರು ಹೇಳಿದರೆ ಬರಿಯ ಪಟ್ಟಿ ಓದಿದಂತಾಗುತ್ತದೆ? ಹಟ್ಟಿಯ ಹೆಂಗಸರಿಗೆ, ಮುದುಕರಿಗೆ ಇದು ಗೊತ್ತಿದ್ದೇ ಇರುತ್ತದೆ. ಕೇಳಿ ಕೇಳಿ ಪಳಗಿದ ಕಿವಿ ಅದು. ಅವರ ತೀರ್ಪನ್ನು ಬರೆದಿಟ್ಟಿದ್ದರೆ ಅದು ವಿಮರ್ಶೆ. ಹೊರಗಿನವನು ಇದು ಏನು ಎಂದು ಹೇಳಬಲ್ಲ, ಎಲ್ಲಿಂದ ಬಂತು ಎಂದು ಹೇಳಬಲ್ಲ. ಇಂದು ಚೆನ್ನಾಗಿ ಆಯಿತು, ಕಳೆದ ಸಲ ಕೆಟ್ಟಿತು ಎಂದು ಹೇಳಲು ಮನೆಯವರೇ ಬೇಕು.

ಹೊರಗಿನವರು ಈ ಕೆಲಸದ ಹತ್ತಿರಕ್ಕೆ ಬಂದ ಉದಾಹರಣೆ ಇಲ್ಲವೆಂದಲ್ಲ. ಅದೇ ಎಮೆನೋ 1930ರ ದಶಕದಲ್ಲಿ ನೀಲಗಿರಿಯಲ್ಲಿದ್ದು ಸಂಗ್ರಹಿಸಿದ ತೋಡರ ಹಾಡುಗಳನ್ನು 1971ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಅಚ್ಚಿನ ಕಾವ್ಯ ಓದಿ ಬೆಳೆದವನಿಗೆ ತೋಡರ ಹಾಡು ಮೊದಲು ಬೇಸರ ತರಿಸುವಂಥದು; ಪ್ರತಿಯೊಂದು ಮಾತೂ ಜೋಡಿಯಾಗಿಯೇ ಬರುತ್ತದೆ, ಒಂದು ಎಮ್ಮೆಯ ಮಾತು ಬಂದರೆ ಅದರ ಜತೆಗಾರ ಮಾತು ಬರಲೇಬೇಕು, ಆ ಜೋಡಿಗಳೂ ಮೊದಲೇ ಸಿದ್ಧವಾಗಿರುವಂಥವು. ಇದರಲ್ಲಿ ಸ್ವಂತಿಕೆ ಎಲ್ಲಿ ಎಂದು ಕೇಳಿ ಪುಸ್ತಕ ಮುಚ್ಚಿಬಿಡಬಹುದಿತ್ತು. ಎಮೆನೋ ಹಾಗೆ ಮಾಡಲಿಲ್ಲ. ಸಿದ್ಧ ಜೋಡಿಗಳಲ್ಲಿ ಯಾವುದನ್ನು ಆರಿಸಿ, ಯಾವುದರ ಮುಂದೆ ಇಟ್ಟು, ಹೆಸರು ಹೇಳದೆಯೇ ಯಾರ ವಿಷಯವೆಂದು ಕೇಳುಗರಿಗೆ ಹೇಗೆ ತಿಳಿಸುತ್ತಾನೆ ಎಂಬಲ್ಲಿ ಹಾಡುಗಾರನ ಜಾಣ್ಮೆ ಇದೆಯೆಂದು ತೋರಿಸಿಕೊಟ್ಟರು. ವಿಮರ್ಶೆಯ ಮಾರ್ಗಗಳು ಹಲವು ಎಂದು ದೊಡ್ಡ ದೊಡ್ಡ ಹೆಸರು ಹೇಳುವವರಿದ್ದಾರೆ. ಕೃತಿಯ ಅಳತೆಗೋಲನ್ನು ಮೊದಲು ಕೃತಿಯೊಳಗೆ ಹುಡುಕುವವನು, ಮನೆಯಿಂದ ಕೋಲು ತಂದು ಅಳೆಯುವವನು ಎಂಬ ಎರಡು ಪಂಗಡ ಮಾಡಿದರೆ ನಮ್ಮ ಮಟ್ಟಿಗೆ ಸಾಕಾಗುತ್ತದೆ. 1911ರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟಾಗ ಆಕ್ಷೇಪಿಸಿದವರೆಲ್ಲ ಕೋಲು ತಂದವರು. ಪ್ರಾಸ ಬಿಟ್ಟ ಮೇಲೆ ಪದ್ಯಕ್ಕೆ ಏನಾಯಿತೆಂದು ಕೇಳಲು ಅವರಿಗೆ ವ್ಯವಧಾನವಿರಲಿಲ್ಲ.

ಈಗ ಮನೆಯ ಮಾತಿಗೆ ಬರೋಣ. ಕುಂಬಳೆಯ ಪಾರ್ತಿಸುಬ್ಬನೆಂದರೆ ನಮಗೆ ಯಕ್ಷಗಾನದ ವಾಲ್ಮೀಕಿ. ಮುಳಿಯ ತಿಮ್ಮಪ್ಪಯ್ಯನವರು, ಆ 'ನಾಡೋಜ ಪಂಪ' ಬರೆದ ರಸಿಕ ವಿದ್ವಾಂಸರು, ಈ ಕವಿಯನ್ನು ಕುರಿತೂ ಪುಸ್ತಕ ಬರೆದರು. ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ'ದಲ್ಲಿ, ಆ ರಾಮಾಯಣ ಪ್ರಸಂಗಗಳು ಕುಂಬಳೆಯವನವೇ ಅಲ್ಲ, ಬ್ರಹ್ಮಾವರದ ಕಡೆಯ ಸುಬ್ಬನೆಂಬವನವು ಎಂದು ವಾದಿಸಿದರು. ಅದೇ ಗ್ರಂಥಕ್ಕೆ ಅವರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಕುಂಬಳೆ ಸೀಮೆಗೆ ಬೆಂಕಿ ಬಿದ್ದಂತಾಯಿತು. ಕುಕ್ಕಿಲ ಕೃಷ್ಣ ಭಟ್ಟರು ಸಂಪಾದಿಸಿ, 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಬಂದ 'ಪಾರ್ತಿಸುಬ್ಬನ ಯಕ್ಷಗಾನಗಳು' ಕಾರಂತರಿಗೆ ಕೊಟ್ಟ ಉತ್ತರವೂ ಆಯಿತು. ಎರಡೂ ಪಕ್ಷದವರು ಪಟ್ಟ ಶ್ರಮ ಸಾಮಾನ್ಯವಾದುದಲ್ಲ, ಊರು ಕಾಲಗಳ ನಿರ್ಣಯ ಬೇಡವಾದ ಕೆಲಸವೂ ಅಲ್ಲ. ಆದರೆ ಇಂದು ನಮ್ಮ ಯಕ್ಷಗಾನಾಭಿಮಾನಿಗಳನ್ನು ಕೇಳಿ ನೋಡಿ. ಪಾರ್ತಿಸುಬ್ಬ ನಮ್ಮವನೇ ಎಂಬುದಕ್ಕೆ ಅವರು ಹತ್ತು ಆಧಾರ ಕೊಡುತ್ತಾರೆ. ಅವನ ಪದ ಭಾಗವತನ ಬಾಯಿಗೆ ಅಷ್ಟು ಸಲೀಸಾಗಿ ಒದಗುವುದೇಕೆ, ಒಂದು ಸಣ್ಣ ಪದದಲ್ಲಿ ಅರ್ಥಧಾರಿಗೆ ಅವನು ಬಿಟ್ಟುಕೊಟ್ಟ ಅವಕಾಶ ಎಷ್ಟು, ಯಾವ ಸಂಧಿಯಲ್ಲಿ ಅವನು ಸೊರಗುತ್ತಾನೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಗಡಿಯ ಜಗಳ ಉಳಿಯಿತು, ಕವಿ ಕೈಜಾರಿದ.

ಹಾಗೆಂದು ನಮ್ಮ ಜನಕ್ಕೆ ವಿಮರ್ಶೆಯ ಶಕ್ತಿಯೇ ಇಲ್ಲವೆಂದರೆ ಅದು ಸುಳ್ಳು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು ಕನ್ನಡ ನಾಡಿನವರನ್ನು ಹೊಗಳಿದ ಮಾತು ನಮ್ಮ ಭಾಷಣಕಾರರಿಗೆಲ್ಲ ಪ್ರಿಯ. ಓದದೆಯೂ ಕಾವ್ಯ ಬಲ್ಲವರು ಎಂಬಲ್ಲಿಗೆ ಅವರು ನಿಲ್ಲಿಸಿಬಿಡುತ್ತಾರೆ. ಅಲ್ಲೇ ಮುಂದೆ ಆತ, ಪಂಡಿತರಲ್ಲದವರು ಕೂಡ ಕಾವ್ಯದಲ್ಲಿ ಒಂದಿಷ್ಟು ದೋಷದ ಎಡೆ ಕಂಡರೆ ಸಾಕು, ಬಿಡದೆ ಅದನ್ನೇ ಹಿಡಿದು ಕೃತಿಯನ್ನು ಜರೆಯುತ್ತಾರೆ ಎಂದೂ ಹೇಳಿದ್ದಾನೆ. ಆದ್ದರಿಂದ ಕವಿ ಎಚ್ಚರದಿಂದಿರಬೇಕೆಂಬುದು ಅವನ ಅಭಿಪ್ರಾಯ. ಆ ಜನ ಈಗಲೂ ಇದ್ದಾರೆ. ರಾತ್ರಿ ತಾಳಮದ್ದಳೆ ಮುಗಿದು ಮನೆಗೆ ಹೋಗುವ ದಾರಿಯಲ್ಲಿ, ಬೆಳಿಗ್ಗೆ ಚಾದಂಗಡಿಯ ಬೆಂಚಿನ ಮೇಲೆ, ಕರ್ಣನ ಅರ್ಥ ಎಲ್ಲಿ ಹಳಿ ತಪ್ಪಿತು, ಭಾಗವತರು ಯಾವ ಪದವನ್ನು ಎಳೆದರು, ಕೃಷ್ಣ ಹೇಳಿದ್ದು ಪುರಾಣಕ್ಕೆ ಸರಿಯೋ ಅಲ್ಲವೋ ಎಂದು ಅಡಿಕೆ ಸುಲಿಯುವವರೂ ಬೀಡಿ ಕಟ್ಟುವವರೂ ಮುಖ ನೋಡದೆ ಹೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಈ ಸೀಮೆಯಲ್ಲಿ ಬೆಳೆದದ್ದು ಆಕಸ್ಮಿಕವಲ್ಲ. ಎದುರು ಕೂತವರು ಸುಮ್ಮನೆ ಚಪ್ಪಾಳೆ ತಟ್ಟುವವರಾಗಿರಲಿಲ್ಲ. ಅದೇ ಮನುಷ್ಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪುಸ್ತಕ ಬಿಡುಗಡೆಗೆ ಬಂದಾಗ ಅವರ ನಾಲಗೆಗೆ ಏನಾಗುತ್ತದೋ ತಿಳಿಯದು.

ಏನಾಗುತ್ತದೆಂಬುದಕ್ಕೆ ಒಂದು ಹಳೆಯ ಪ್ರಕರಣ ಕೈಮರವಾಗಬಹುದು. 1973ರ ನವೆಂಬರಿನಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವಿದೆ ಎಂದರು. ಬೂಸಾ ಎಂದರೆ ದನಕ್ಕೆ ಹಾಕುವ ಹೊಟ್ಟು. ರಾಜ್ಯದಲ್ಲಿ ಗಲಭೆಯೆದ್ದಿತು, ಅವರು ಮಂತ್ರಿ ಪದವಿಯನ್ನು ಬಿಡಬೇಕಾಯಿತು. ಆ ಗದ್ದಲದಲ್ಲಿ ಹೇಳಿದವನು ಯಾರು, ಯಾವ ಜಾತಿಯವನು, ಕನ್ನಡದ ವೈರಿಯೋ ಎಂದು ಕೇಳಿದವರು ಸಾವಿರ. ಮಾತು ಎಷ್ಟರ ಮಟ್ಟಿಗೆ ನಿಜ, ಇಷ್ಟು ಶತಮಾನಗಳ ಕಾವ್ಯರಾಶಿಯಲ್ಲಿ ಹೊಲಗೇರಿಯವರ ಬಾಳು ಎಷ್ಟು ಪುಟಗಳಲ್ಲಿದೆ ಎಂದು ಕೇಳಿದವರು ಕೆಲವರೇ. ಆ ಕೆಲವರು ಮಾತ್ರ ಸುಮ್ಮನಿರಲಿಲ್ಲ. ಅದೇ ವರ್ಷ ದೇವನೂರ ಮಹಾದೇವರ 'ದ್ಯಾವನೂರು' ಬಂದಿತ್ತು, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದ��ಗರ ಹಾಡು' ಬಂತು, ದಲಿತ ಚಳವಳಿ ಬಲಗೊಂಡಿತು. ಇಲ್ಲಿ ಯಾರದು ಎಂಬ ಪ್ರಶ್ನೆಯೂ ಸಾಹಿತ್ಯ ವಿಮರ್ಶೆಗೆ ಬೇಕಾದದ್ದೇ ಎಂದು ಕೆಲವರು ವಾದಿಸಬಹುದು. ಒಪ್ಪುತ್ತೇವೆ. ಈ ಪುಟದಲ್ಲಿ ಯಾರ ಬಾಳು ಬಂತು, ಯಾರದು ಬರಲಿಲ್ಲ ಎಂದು ಕೇಳುವುದಕ್ಕೂ, ಬರೆದವನು ನಮ್ಮವನಾದ್ದರಿಂದ ಬಾಯಿಮುಚ್ಚಿ ಎನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಪುಸ್ತಕವನ್ನು ಬಿಡಿಸುತ್ತದೆ, ಎರಡನೆಯದು ಮುಚ್ಚುತ್ತದೆ.

ಬಹುಮಾನವು ವಿಮರ್ಶೆಯ ಸ್ಥಾನವನ್ನು ತುಂಬೀತೆಂಬ ಭ್ರಮೆಯೂ ನಮ್ಮಲ್ಲಿದೆ. ಮಸಿನಗುಡಿಗೆ ಕೂಗಳತೆಯ ತೆಪ್ಪಕಾಡಿನ ಆನೆ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿಗಳ ಕುರಿತ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂದಿತು. ಸಂತೋಷವೇ. ಆದರೆ ಆ ಚಿತ್ರ ಕಾಟ್ಟುನಾಯಕರ ಬಾಳನ್ನು ಕಂಡದ್ದು ಎಷ್ಟು, ಆನೆಮರಿಯ ಮುದ್ದಿನಲ್ಲಿ ಮರೆತದ್ದು ಎಷ್ಟು ಎಂಬ ಪ್ರಶ್ನೆ ಪ್ರಶಸ್ತಿ ಬಂದ ಮಾತ್ರಕ್ಕೆ ಇತ್ಯರ್ಥವಾಗುವುದಿಲ್ಲ. ಅದನ್ನು ಆ ಭಾಷೆ ಬಲ್ಲವರು ನೋಡಿ ಹೇಳಬೇಕು.

ಪಾಠ ಹೇಳುವ ಕಸುಬಿನವರಾದ ನಮಗೆ ಈ ವಿಷಯದಲ್ಲಿ ಹೆಚ್ಚಿನ ಕಳವಳವಿರುವುದು ಮಕ್ಕಳ ಕಾರಣದಿಂದ. ಕನ್ನಡ ಮಾಧ್ಯಮದ ತರಗತಿಯಲ್ಲಿ ಇಂದು ಒಂದು ಮಗು ಕವಿತೆ ಬರೆದು ತಂದರೆ ನಮಗೆಲ್ಲ ಆಗುವ ಹಿಗ್ಗು ಅಷ್ಟಿಷ್ಟಲ್ಲ. ಪಕ್ಕದ ಮನೆಯ ಮಕ್ಕಳು ಇಂಗ್ಲಿಷ್ ಶಾಲೆಯ ವಾಹನ ಹತ್ತುತ್ತಿರುವಾಗ ಇದು ಕನ್ನಡದಲ್ಲಿ ಬರೆಯಿತಲ್ಲ ಎಂದು ಬೆನ್ನು ತಟ್ಟುತ್ತೇವೆ, ಶಾಲಾ ಪತ್ರಿಕೆಯಲ್ಲಿ ಹಾಕುತ್ತೇವೆ, ಕಲೋತ್ಸವದ ಎ ಗ್ರೇಡಿಗೆ ಸನ್ಮಾನ ಮಾಡುತ್ತೇವೆ. ಮೂರನೆಯ ಸಾಲು ಪಠ್ಯದಲ್ಲಿರುವ ಯಾರದೋ ಪ್ರತಿಧ್ವನಿ, ಐದನೆಯ ಸಾಲಿನಲ್ಲಿ ಮಾತ್ರ ನಿನ್ನ ಅಮ್ಮ ಕಾಣುತ್ತಾಳೆ, ಅಲ್ಲಿಂದ ಮತ್ತೆ ಬರೆ ಎಂದು ಹೇಳಲು ಒಬ್ಬರೂ ಸಿಗದೆ ಅದು ಹತ್ತನೆಯ ತರಗತಿ ದಾಟುತ್ತದೆ. ಮುಂದೆ ಮಂಗಳೂರಿಗೋ ಮೈಸೂರಿಗೋ ಓದಲು ಹೋಗಿ, ಅಲ್ಲಿಯ ಸಮವಯಸ್ಕರ ನಡುವೆ ತನ್ನ ಬರಹವನ್ನು ಇಟ್ಟು ನೋಡಿದಾಗ ತಿಳಿಯುತ್ತದೆ, ಊರಿನವರು ಹೊಗಳಿದ್ದು ಕವಿತೆಯನ್ನಲ್ಲ, ಕನ್ನಡದಲ್ಲಿ ಬರೆದ ಸಾಹಸವನ್ನು ಎಂದು. ಆ ವಯಸ್ಸಿನಲ್ಲಿ ಅದು ಸಣ್ಣ ಪೆಟ್ಟಲ್ಲ. ಬರೆಯುವುದನ್ನೇ ಬಿಟ್ಟವರಿದ್ದಾರೆ. ಬಹುಸಂಖ್ಯಾತರ ಭಾಷೆಯಲ್ಲಿ ಬರೆಯುವವನಿಗೆ ಹತ್ತು ಪತ್ರಿಕೆ, ನೂರು ಓದುಗರು ಎಲ್ಲಾದರೊಂದು ಕಡೆ ಸತ್ಯ ಹೇಳಿಯೇ ಹೇಳುತ್ತಾರೆ. ನಮ್ಮ ಮಗುವಿಗೆ ನಾವು ಹೇಳದಿದ್ದರೆ ಹೇಳುವವರಿಲ್ಲ.

ಹೀಗೆಂದ ಮಾತ್ರಕ್ಕೆ ದೊಣ್ಣೆ ಹಿಡಿದ ವಿಮರ್ಶಕರ ದಂಡು ಬೇಕೆಂದಲ್ಲ. ಜರೆಯುವುದೇ ವಿದ್ವತ್ತೆಂದು ತಿಳಿದವರೂ, ಹಳೆಯ ದ್ವೇಷವನ್ನು ಪುಸ್ತಕ ವಿಮರ್ಶೆಯ ವೇಷದಲ್ಲಿ ರಂಗಕ್ಕೆ ತರುವವರೂ ನಮ್ಮಲ್ಲಿ ಇಲ್ಲದಿಲ್ಲ. ಕೀರ್ತಿನಾಥ ಕುರ್ತಕೋಟಿಯವರಂಥವರು ಒಂದು ಪದ್ಯವನ್ನು ಬಿಡಿಸುವಾಗ ಅದರೊಡನೆ ಎಷ್ಟು ಹೊತ್ತು ಕೂತಿರುತ್ತಿದ್ದರೆಂಬುದು ಅವರನ್ನು ಓದಿದವರಿಗೆ ಗೊತ್ತು. ಒಪ್ಪದಿದ್ದಾಗಲೂ ಆ ಕೂರುವಿಕೆಯಲ್ಲಿ ಗೌರವವಿದೆ. ಬೇಕಾದದ್ದು ಅಷ್ಟೇ, ಕೂತು ಓದುವವರು.

ಆಗಬಹುದಾದ ಕೆಲಸಗಳು ದೊಡ್ಡವೇನಲ್ಲ. ಪುಸ್ತಕ ಬಿಡುಗಡೆ ಮಾಡುವ ಸಂಘಗಳು ಪರಿಚಯ ಭಾಷಣವೊಂದನ್ನು ಕಡಿಮೆ ಮಾಡಿ, ಲೇಖಕರ ನೆಂಟರೂ ಸಹೋದ್ಯೋಗಿಯೂ ಅಲ್ಲದ ಒಬ್ಬರಿಗೆ ಹದಿನೈದು ನಿಮಿಷ ಕೊಡಲಿ. ನಮ್ಮ ಪ್ರೌಢಶಾಲೆಗಳ ಕನ್ನಡ ಸಂಘಗಳು ತಾಳಮದ್ದಳೆಯ ಮರುದಿನ ಚಾದಂಗಡಿಯ ಮಾತುಗಳನ್ನು ಮಕ್ಕಳಿಂದ ಬರೆಸಲಿ. ಗೂಡಲೂರು, ಮಸಿನಗುಡಿಯ ಕನ್ನಡ ಮನೆಗಳವರಿಗೂ ಉದಕಮಂಡಲದ ಬಡಗ ಸ್ನೇಹಿತರಿಗೂ ನಮ್ಮ ವಿನಂತಿ, ಹಿರಿಯರ ಹಾಡನ್ನು ಕೈಫೋನಿನಲ್ಲಿ ಹಿಡಿದಿಡುವಾಗ ಪಕ್ಕದಲ್ಲಿ ಕೂತು ತಲೆದೂಗುವ ಅಥವಾ ಮುಖ ಸಿಂಡರಿಸುವ ಅಜ್ಜಿಯನ್ನೂ ಏಕೆಂದು ಕೇಳಿ, ಅವರ ಮಾತನ್ನೂ ಹಿಡಿದಿಡಬೇಕೆಂದು. ಇನ್ನು ಪುಸ್ತಕ ಹೊರತರುವ ಲೇಖಕರು ಆಮಂತ್ರಣ ಪತ್ರಿಕೆಯ ಜತೆಗೆ ಅಲ್ಲ, ಅದಕ್ಕಿಂತ ಒಂದು ತಿಂಗಳು ಮೊದಲೇ ಒಂದು ಪ್ರತಿಯನ್ನು ಕಳುಹಿಸಿಕೊಡಲಿ. ಓದುವುದಕ್ಕೆ ಅಷ್ಟು ದಿನ ಬೇಕಾಗುತ್ತದೆ.